ಇಬ್ಬನಿ ಕೂರದ ಬಣವೆ

ಆ ಬೆಳಿಗ್ಗೆ ಕಣದಲ್ಲಿ ನಾವು ನಾಲ್ವರಿದ್ದೆವು: ಮಾವ, ಅತ್ತೆ, ಹುಲ್ಲಿನ ಬಣವೆ ಒಟ್ಟುವುದರಲ್ಲಿ ಊರಿಗೇ ಹೆಸರಾಗಿದ್ದ ನಮ್ಮ ಗದ್ದೆಯ ಆಳು ಮುದುಕ, ಮತ್ತು ಸೊಸೆಯಾಗಿ ಬಂದು ವರ್ಷವೂ ತುಂಬದ ನಾನು. ಯುದ್ಧದ ಕಾಲ; ಮೂಡಿಗೆರೆಯ ಕಡೆ ಸೀಮೆಎಣ್ಣೆಗೂ ತತ್ವಾರವಿದ್ದ ದಿನಗಳು.

ಆ ಸಲ ಭತ್ತ ಬಡಿಯುವಾಗ ಅಕಾಲದ ಮಳೆ ಬಿದ್ದಿತ್ತು. ಕಾಫಿ ಕೊಯ್ಲಿಗೆ ಆಳು ಬೇಕೆಂದು ಮಾವ ಅವಸರ ಮಾಡಿ, ಹುಲ್ಲು ಸರಿಯಾಗಿ ಒಣಗುವ ಮೊದಲೇ ಬಣವೆ ಹಾಕಿಸಿದ್ದರು. ಮಳೆಗಾಲವಿಡೀ ದನಗಳಿಗೂ ಮಾವನ ಎಮ್ಮೆಗಳಿಗೂ ಅದೇ ಮೇವು. ಹುಲ್ಲು ಸಾಲದಿದ್ದರೆ ತವರಿನಿಂದ ನನ್ನ ಜೊತೆ ಬಂದ ಗಬ್ಬದ ಹಸುವನ್ನು ವಾಪಸು ಕಳಿಸುವುದೆಂದು ಅತ್ತೆ ಹೇಳಿಬಿಟ್ಟಿದ್ದರು. ಆ ಮನೆಯಲ್ಲಿ ನನ್ನ ಹೆಜ್ಜೆಯ ಸದ್ದಿಗೆ ತಲೆಯೆತ್ತುತ್ತಿದ್ದುದು ಆಗಿನ್ನೂ ಆ ಹಸು ಒಂದೇ.

ಮೊದಲು ಕಂಡದ್ದು ನನಗೆ. ಹಂಚು, ಬೇಲಿ, ಜೇಡರ ಬಲೆ, ಎಲ್ಲದರ ಮೇಲೂ ಇಬ್ಬನಿ ಬೆಳ್ಳಗೆ ಕೂತಿತ್ತು. ಬಣವೆಯ ಮೇಲೆ ಒಂದು ಹನಿ ಇಲ್ಲ. ಅದರ ನೆತ್ತಿಯಿಂದ ಉಸಿರು ಬಿಟ್ಟ ಹಾಗೆ ಹಬೆ ಏಳುತ್ತಿತ್ತು. ಹಿಂದಿನ ದಿನಕ್ಕಿಂತ ಒಂದು ಮೊಳ ಕುಸಿದಿತ್ತು, ಒಳಗೆ ಯಾರೋ ಜಾಗ ಮಾಡಿಕೊಂಡು ಕೂತಂತೆ. ಬುಡದಲ್ಲಿ ಮಲಗುತ್ತಿದ್ದ ನಾಯಿ ದೂರ ನಿಂತು ನೋಡುತ್ತಿತ್ತು. ಬೊಗಳಲಿಲ್ಲ.

"ಭೂತಕ್ಕೆ ಕಾಯಿ ಒಡೀದೆ ಬಣವೆ ಹಾಕಿಸಿದ್ರಿ. ಬಂದು ಕೂತದೆ," ಎಂದರು ಅತ್ತೆ. "ಮಂಗಳವಾರ ಕೋಳಿ ಕೊಡುವ. ಅಲ್ಲೀವರೆಗೆ ಯಾರೂ ಮುಟ್ಟಬೇಡಿ."

ಮಾವ ಮುದುಕನ ಕಡೆ ತಿರುಗಿದರು. "ಎಂತದಾ ಮಾರಾಯ, ನಿನ್ನ ಬಣವೆಗೆ ಜ್ವರ ಬಂದದಲ್ಲ?"

"ಬರದೆ ಇರ್ತದಾ ಅಯ್ಯಾ? ಒದ್ದೆ ಬಟ್ಟೆ ಉಡಿಸಿ ಕೂರಿಸಿದ್ದು ನೀವು," ಎಂದ ಮುದುಕ. "ಮಂಗಳವಾರ ಆ ಕೋಳಿ ಸುಡಕ್ಕೆ ಬೆಂಕಿನೂ ಇದೇ ಕೊಡ್ತದೆ."

ಅವನು ಹಾರೆಯನ್ನು ಬಣವೆಯ ಹೊಟ್ಟೆಗೆ ಚುಚ್ಚಿ, ಎಲೆಅಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಬಿಟ್ಟು ಎಳೆದ. ನಾನು ತುದಿಗೆ ಬೆರಳಿಟ್ಟವಳು ಚುರ್ ಎಂದದ್ದೇ ತೆಗೆದೆ. ಅದಕ್ಕಂಟಿದ್ದ ಹುಲ್ಲು ಹುರಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಬೆಲ್ಲ ಕಾಯಿಸಿದ ವಾಸನೆ.

"ಗಾಳಿ ಏಳೋ ಮೊದಲೇ ಬಿಚ್ಚಬೇಕು. ಆಮೇಲೆ ಮುಟ್ಟಿದ್ರೆ ಹತ್ಕೊಂಡೇ ಹೋಗ್ತದೆ," ಎಂದ ಮುದುಕ.

ಅತ್ತೆ ಬೇಡವೆಂದರು. ನಾನು ಬಾವಿಯಿಂದ ಎರಡು ಕೊಡ ನೀರು ತಂದು ಬಣವೆಯ ಪಕ್ಕದಲ್ಲಿಟ್ಟು, ಮತ್ತೆರಡಕ್ಕೆ ಹೋದೆ. ಬರುವಷ್ಟರಲ್ಲಿ ಮಾವ ಏಣಿ ತಂದಿದ್ದರು.

ಮಾವ, ಮುದುಕ ಇಬ್ಬರೂ ಮೇಲಿನಿಂದ ಪದರ ಪದರವಾಗಿ ಬಿಚ್ಚಿದರು. ನಡುವಿಗೆ ಬಂದಾಗ ಒಳಗೊಂದು ಗವಿ ಕಂಡಿತು, ಒಬ್ಬ ಮನುಷ್ಯ ಮುದುಡಿ ಕೂರುವಷ್ಟು. ಸುತ್ತಲ ಹುಲ್ಲೆಲ್ಲ ಕಪ್ಪು, ಆದರೆ ಒಂದೊಂದು ಕಡ್ಡಿಯೂ ಗೆಣ್ಣು ಸಮೇತ ಹಾಗೇ ನಿಂತಿತ್ತು. ಮುದುಕ ಮುಟ್ಟಿದ್ದೇ ಸದ್ದಿಲ್ಲದೆ ಪುಡಿಯಾಯಿತು. ಆಗ ಆ ಕಪ್ಪಿನ ಮೇಲೆ ಕೆಂಪು ಚುಕ್ಕಿಗಳು ಇರುವೆಗಳಂತೆ ಹರಿದಾಡತೊಡಗಿದವು. ನಾನು ಕೊಡಗಳನ್ನು ಎತ್ತಿ ಎತ್ತಿ ಕೊಟ್ಟೆ, ಮಾವ ಹೊಯ್ದರು. ಒಳಗಿನಿಂದ ಬಂದದ್ದು ಬೆಂಕಿ ಆರಿದ ಸದ್ದೆಂದು ಗೊತ್ತಿತ್ತು. ಆದರೂ ಯಾರೋ ಎದ್ದುಹೋಗುವಾಗ ಬಿಟ್ಟ ನಿಟ್ಟುಸಿರಿನ ಹಾಗೇ ಕೇಳಿತು. ಅತ್ತೆ ಕೈಮುಗಿದರು. ನಾನೂ ಮುಗಿದೆ.

ಕರಿಯಾದದ್ದು ಗೊಬ್ಬರದ ಜೊತೆ ಕಾಫಿ ಸಸಿಮಡಿಗೆ ಹೋಯಿತು. ಕಂದು ತಿರುಗಿದ್ದನ್ನು ಆರಿಸಿ ಹಾಕಿದರೆ, ದನಗಳು ಒಳ್ಳೆಯ ಹುಲ್ಲನ್ನು ಬಿಟ್ಟು ಅದಕ್ಕೇ ಬಾಯಿ ಹಾಕಿದವು. ಆದರೂ ಮೇವು ಅರ್ಧಕ್ಕಿಳಿದಿತ್ತು.

"ಅವಸರ ನಿಮ್ಮದು. ಇವಳ ಹಸು ಇರಲಿ, ಹೋಗುವುದು ನಿಮ್ಮ ಎಮ್ಮೆಗಳೇ ಆಗಲಿ," ಎಂದರು ಅತ್ತೆ, ಮಾವನಿಗೆ.

ಮಳೆ ಹಿಡಿಯುವ ಮೊದಲು ಮಾವ ಎರಡು ಎಮ್ಮೆಗಳನ್ನು ಹೊಡೆದುಕೊಂಡು ಹೋಗಿ ಕಳಸದ ತಂಗಿಯ ಮನೆಯಲ್ಲಿ ಬಿಟ್ಟು ಬಂದರು.