ಧಾಟಿಗೂ ಮುಂಚಿನ ಗುಂಯ್

ತಂತಿಯಿಂದ ಕೈ ತೆಗೆದೆ. ಗಿಟಾರು ಸುಮ್ಮನಾಗಲಿಲ್ಲ.

ಗುಂಯ್ ಎಂದು ಒಂದೇ ಸಮನೆ ದನಿ, ಎಲ್ಲೋ ದೂರದಲ್ಲಿ ಹಿಟ್ಟಿನ ಗಿರಣಿ ಓಡಿದ ಹಾಗೆ. ತಂತಿಯ ಮೇಲೆ ಅಂಗೈ ಇಟ್ಟೆ, ಅಡಗಿತು. ತೆಗೆದೆ, ಮತ್ತೆ ಶುರು. ಹೆಗಲ ಮೇಲಿದ್ದಾಗ ಸುಮ್ಮನಿದ್ದು, ಕೆಳಗಿಳಿಸಿದ ಕೂಡಲೇ ಅಳುವ ಕೂಸಿನ ಹಾಗೆ.

ಗಿಟಾರು ನನ್ನದಲ್ಲ, ಅಣ್ಣನದು. ಎಲೆಕ್ಟ್ರಿಕ್ ಗಿಟಾರು. ಅಣ್ಣ ವಾಡಿಯಲ್ಲಿ ರೈಲ್ವೆ ನೌಕರಿ ಮಾಡುತ್ತಿದ್ದ. ರಜೆ ಸಿಕ್ಕಾಗ ಆರ್ಕೆಸ್ಟ್ರಾದವರ ಜೊತೆ ಚಿತ್ತಾಪುರ, ಸೇಡಂ, ಚಿಂಚೋಳಿಯ ಮದುವೆಗಳಿಗೆ ಹೋಗಿ ಬಾರಿಸುತ್ತಿದ್ದ. (ಚಿಂಚೋಳಿ ಕಡೆಯವರು ತೆಲುಗು ಹಾಡೇ ಬೇಕು ಎಂದು ಹಟ ಹಿಡಿಯುತ್ತಿದ್ದರಂತೆ.) ಹೋದ ವರ್ಷ ತೀರಿಕೊಂಡ.

ಅವನ ಹೆಂಡತಿಯನ್ನು ನಾನು ವೈನಿ ಅನ್ನುತ್ತೇನೆ. ವಾಡಿಯ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾರೆ. ಮಗಳು ಚಿತ್ತಾಪುರದ ಶಾಲೆಯಲ್ಲಿ ಟೀಚರ್. ಒಂದು ದಿನ ವೈನಿ ಗಿಟಾರನ್ನು ಹಳೆಯ ಚಾದರದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

‘ತಮ್ಮಾ, ಅವರು ಡ್ಯೂಟಿ ಮುಗಿಸಿ ಬಂದು ಬಾರಸ್ತಿದ್ರಲ್ಲ, ಆ ಧಾಟಿ ನಿನಗ ಬರ್ತದಲ್ಲ?’

‘ಬರ್ತದ ವೈನಿ.’

‘ಕಂಪ್ಯೂಟರ್‌ದಾಗ ತುಂಬಿ ಕೊಡು. ನನ್ನ ಕಿವಿ ಹೊಂಟಾವ. ಮಶೀನ್ ಹಾಕ್ಕೊಂಡ್ರ ಮಾತು ಕೇಳ್ತದಂತ. ಹಾಡು ಹಾಡಿನಂಗ ಕೇಳ್ತದೋ ಇಲ್ಲೋ, ಡಾಕ್ಟರ್‌ಗೂ ಗೊತ್ತಿಲ್ಲ. ಕಿವಿ ಇರೋದ್ರಾಗ ಒಮ್ಮೆ ಕೇಳ್ತೀನಿ.’

ಅಷ್ಟರಲ್ಲಿ ಒಳಗೆ ಕುಕ್ಕರ್ ಸೀಟಿ ಹಾಕಿತು. ಅವರಿಗೆ ಕೇಳಿಸಲಿಲ್ಲ. ಹಿತ್ತಲಾಚೆ ಗೂಡ್ಸ್ ಗಾಡಿ ಹಾಯ್ದಾಗ ಮಾತ್ರ ತಲೆ ಎತ್ತಿದರು.

ಬರುತ್ತದೆ ಎಂದು ಹೇಳಿಬಿಟ್ಟೆನಲ್ಲ, ಖರೇ ಬರುತ್ತದೆಯೆ?

ನಾನು ಎಲ್ಲದಕ್ಕೂ ಪುರಾವೆ ಕೇಳುವವನು. ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವಾಗ ಹತ್ತಿದ ಚಟ ಅದು. ಈಚೆಗೆ ಅದು ನನ್ನ ಮೇಲೇ ತಿರುಗಿದೆ. ಆ ಧಾಟಿಯ ಮೊದಲ ಅರ್ಧ ನನಗೆ ಚೆನ್ನಾಗಿ ನೆನಪಿದೆ. ಎರಡನೇ ಅರ್ಧಕ್ಕೆ ಬಂದರೆ ತಲೆಯಲ್ಲಿ ಎರಡು ಧಾಟಿಗಳಿವೆ. ಒಂದು ಮೇಲಕ್ಕೇರುತ್ತದೆ, ಇನ್ನೊಂದು ಮೆಲ್ಲಗೆ ಕೆಳಗಿಳಿಯುತ್ತದೆ. ಅಣ್ಣನದು ಯಾವುದು? ಅಥವಾ ಎರಡೂ ನಾನೇ ಕಟ್ಟಿಕೊಂಡದ್ದೇ? ನೆನಪನ್ನು ಹೊರತೆಗೆದು ನೋಡಿದಷ್ಟೂ ಅದರ ಮೇಲೆ ನಮ್ಮದೇ ಬೆರಳ ಗುರುತು ಬೀಳುತ್ತದೆ.

ಅದಿರಲಿ, ಸಾಮಾನು ತರಿಸಿದೆ. ಗಿಟಾರಿಗೂ ಕಂಪ್ಯೂಟರಿಗೂ ನಡುವೆ ಇಡುವ ಅಂಗೈಯಗಲದ ಡಬ್ಬಿ, ಒಂದು ಕೇಬಲ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಸಾಫ್ಟ್‌ವೇರ್ ಪುಕ್ಕಟೆ ಸಿಕ್ಕಿತು. ಇನ್ನೇನು, ಪ್ಲಗ್ ಹಾಕುವುದು, ಬಾರಿಸುವುದು. ಹಾಗಂದುಕೊಂಡಿದ್ದೆ.

ತಂತಿ ಮೀಟಿದರೆ ಸದ್ದು ಆಮೇಲೆ ಬರುತ್ತಿತ್ತು. ದೂರದಲ್ಲಿ ಕಲ್ಲು ಒಡೆಯುವವನ ಸುತ್ತಿಗೆ ಬಿದ್ದ ಮೇಲೆ ಏಟು ಕೇಳುತ್ತದಲ್ಲ, ಹಾಗೆ. ನನ್ನ ಕೈಯನ್ನು ನಾನೇ ಹಿಂದಿನಿಂದ ಕೇಳಿಸಿಕೊಳ್ಳುವ ವಿಚಿತ್ರ ಸ್ಥಿತಿ. ಸೆಟ್ಟಿಂಗಿನಲ್ಲಿ ಬಫರ್ ಎಂಬುದನ್ನು ಇಳಿಸಿದ ಮೇಲೆ ಸರಿಹೋಯಿತು. ಜೋರಾಗಿ ಬಾರಿಸಿದರೆ ಡಬ್ಬಿಯ ಮೇಲೆ ಕೆಂಪು ದೀಪ ಹತ್ತಿ ದನಿ ಒಡೆಯುತ್ತಿತ್ತು. ಗುಂಡಿ ತಿರುಗಿಸಿ ಕಡಿಮೆ ಮಾಡಿದೆ. ಅದೂ ಸರಿಹೋಯಿತು. ಉಳಿದದ್ದು ಗುಂಯ್.

ಅದನ್ನು ಅಲಕ್ಷಿಸಿ ಒಂದು ಸಲ ಪೂರ್ತಿ ರೆಕಾರ್ಡ್ ಮಾಡಿದೆ. ಕೇಳಿದರೆ ಮೊದಲಿಗೆ ಬರೀ ಗುಂಯ್, ಆಮೇಲೆ ಧಾಟಿ, ಕೈ ತೆಗೆದ ಕೂಡಲೇ ಮತ್ತೆ ಗುಂಯ್. ಇದನ್ನು ವೈನಿಗೆ ಕೊಡುವುದೆ? ಅದೂ ಸಾಲದೆಂಬಂತೆ ತಂತಿ ಮುಟ್ಟಿದಾಗ ಬೆರಳಿಗೆ ಇರುವೆ ಕಚ್ಚಿದ ಹಾಗೆ ಚುರುಕ್ ಅನ್ನುತ್ತಿತ್ತು. ಎಲೆಕ್ಟ್ರಿಷಿಯನ್ ಖಾಜಾನನ್ನು ಕರೆಸಿದೆ.

ಖಾಜಾ ಟೆಸ್ಟರ್ ಹಿಡಿದು ನೋಡಿ ನನ್ನ ಮುಖ ನೋಡಿದ.

‘ಸರ್, ಸಾಯಾಕ ಬಾಜಾ ಬಾರ್ಸಾಕತ್ತೀರೇನು? ಅರ್ಥಿಂಗ್ ಎಲ್ಲಿ ಅದ?’

‘ಇರಬೇಕಲ್ಲ.’

‘ಇರಬೇಕಲ್ಲ ಅಂದ್ರ? ಮನಿ ನಿಮ್ದೋ ನಂದೋ?’

ಹೆಂಡತಿ ಬಾಗಿಲಿಗೆ ಬಂದಳು. ‘ಅಂಗಳದಾಗ ಗುಂಡಿ ಇತ್ತಲ್ರಿ. ಫರ್ಸಿ ಕಲ್ಲು ಹಾಕಿಸಿದಾಗ ಮುಚ್ಚಿಸಿದ್ರಿ. ನಡುವ ಗುಂಡಿ ಯಾಕ, ಚಂದ ಕಾಣಂಗಿಲ್ಲ ಅಂದೋರು ನೀವೇ.’

ನನ್ನ ನೆನಪಿನಲ್ಲಿ ಆ ಮಾತು ಹೇಳಿದವಳು ಅವಳು. ವಾದ ಮಾಡಲಿಲ್ಲ. (ಸಾಕ್ಷಿ ಎಲ್ಲಿದೆ?)

ಇದು ನಮ್ಮೊಬ್ಬರ ಮನೆಯದಲ್ಲ, ಇಡೀ ಶಹಾಬಾದಿನದೇ ತಪ್ಪು. ಕಲ್ಲಿನ ಊರು ನಮ್ಮದು. ಒಂದಿಷ್ಟು ಅನುಕೂಲವಾದರೆ ಸಾಕು, ಅಂಗಳಕ್ಕೆಲ್ಲ ನುಣುಪು ಫರ್ಸಿ ಬೀಳುತ್ತದೆ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗಿನ ಗುಂಡಿ ಅದರ ಕೆಳಗೆ ಹೋಗುತ್ತದೆ. ನೀರು ಕಾಣದೆ ಒಣಗುತ್ತದೆ. ಗೋಡೆಯ ಪ್ಲಗ್ಗಿನ ಮೂರನೇ ತೂತು ಹಾಗೇ ಇರುತ್ತದೆ, ಬಾಯಿ ತೆರೆದುಕೊಂಡು, ಎಲ್ಲಿಗೂ ಹೋಗದೆ. ಹೊಳೆಯುವ ನೆಲದ ಮೇಲೆ ಕಾಲು ಚಾಚಿ ಕೂತು, ನೆಲದೊಂದಿಗಿನ ಸಂಬಂಧ ಕಡಿದುಕೊಂಡವರು ನಾವು.

ಖಾಜಾ ಒಂದು ಫರ್ಸಿ ಎಬ್ಬಿಸಿದ. ಗೇಣುದ್ದ ಮಣ್ಣು, ಅದರ ಕೆಳಗೆ ಮತ್ತೆ ಕಲ್ಲು.

‘ನಮ್ಮೂರಾಗ ನೀರು ಹುಡಕೋದು ಸಸಾರ ಸರ್, ಮಣ್ಣು ಹುಡಕೋದೇ ಭಾಳ ತ್ರಾಸ’ ಎಂದು ಬೈಯುತ್ತಲೇ ಹಳೆಯ ಗುಂಡಿಯನ್ನು ಹುಡುಕಿ, ಕೆದಕಿ, ಇದ್ದಿಲು, ಉಪ್ಪು ತುಂಬಿದ. ‘ದಿನಾ ಒಂದು ಕೊಡ ನೀರು ಹಾಕ್ರಿ. ಗಿಡ ಅಂತ ತಿಳ್ಕೋರಿ. ಫಲ ಬಿಡಂಗಿಲ್ಲ, ಖರೇ ನೀವು ಬದುಕ್ತೀರಿ.’

ಗುಂಯ್ ಹೋಯಿತು. ಪೂರ್ತಿ ಅಂತಲ್ಲ, ಕಿವಿಗೊಟ್ಟರೆ ಸಿಗುವಷ್ಟು ಉಳಿಯಿತು. ಅದನ್ನೂ ಸಾಫ್ಟ್‌ವೇರಿನಲ್ಲಿ ಒರೆಸಿದೆ. ಬಾರಿಸುವ ಮುಂಚಿನ ಖಾಲಿ ಜಾಗ ಕತ್ತರಿಸಿದೆ. ಎರಡನೇ ಅರ್ಧಕ್ಕೆ ಬಹಳ ಒದ್ದಾಡಿ, ಕೊನೆಗೆ ಇಳಿಯುವ ಧಾಟಿಯನ್ನೇ ಆರಿಸಿದೆ. ಯಾಕೆ? ಪುರಾವೆಯೇನೂ ಇಲ್ಲ. ಹೋದವನ ನೆನಪಿಗೆ ಅದೇ ಒಪ್ಪುತ್ತದೆ ಅನ್ನಿಸಿತು, ಅಷ್ಟೇ. ಇನ್ನು ಮುಂದೆ ಅಣ್ಣನ ಧಾಟಿ ಎಂದರೆ ಇದೇ ಆಗುತ್ತದೆ ಎಂಬುದು ಗೊತ್ತಿದ್ದೂ ಆರಿಸಿದೆ. ಹೆದರಿಕೆಯಾಯಿತು.

ಗುಂಯ್ ಸೇರಿ ಹಾಳಾದದ್ದು, ಸರಿಯಾದದ್ದು ಎಲ್ಲವನ್ನೂ ಫೋನಿಗೆ ಹಾಕಿಕೊಂಡು ವಾಡಿಗೆ ಹೋದೆ.

ವೈನಿ ಹೊಲಿಗೆ ನಿಲ್ಲಿಸಿ, ತಲೆಯ ಸೆರಗು ಸರಿಸಿ ಹೆಡ್‌ಫೋನ್ ಹಾಕಿಕೊಂಡರು. ನಾನು ಶುಚಿಯಾದ ರೆಕಾರ್ಡಿಂಗ್ ಹಚ್ಚಿದೆ. ಅವರ ಮುಖವನ್ನೇ ನೋಡುತ್ತ ಕೂತೆ. ಪರೀಕ್ಷೆ ಬರೆದವನು ಮೇಷ್ಟರ ಮುಖ ನೋಡುವ ಹಾಗೆ.

ಮುಗಿಯಿತು. ಅವರ ಮುಖದಲ್ಲಿ ಏನೂ ಇರಲಿಲ್ಲ.

‘ಚಲೋ ಬಾರಿಸೀದಿ’ ಅಂದರು. ಊಟ ಬಡಿಸಿದವರಿಗೆ ಹೇಳುವ ಉಪಚಾರದ ಮಾತು.

‘ಅಣ್ಣಂದು ಇದೇ ಹೌದಲ್ಲ ವೈನಿ?’

‘ಇರಬೇಕು. ಆದ್ರ ನಡುವಿಂದ ಯಾಕ ಕೇಳಸ್ಲಿಕತ್ತಿ? ಮೊದಲಿಂದ ಹಚ್ಚು.’

‘ಇದೇ ಮೊದಲು.’

‘ಏ, ಅಲ್ಲ. ಇದಕ್ಕ ಮೊದಲ ಒಂದು ಇರ್ತದ.’

ನನಗೆ ಅಂಥದ್ದೇನೂ ನೆನಪಿಲ್ಲ. ಅಣ್ಣ ಬಾರಿಸುವಾಗ ಎಷ್ಟೋ ಸಂಜೆ ಅದೇ ಕೋಣೆಯಲ್ಲಿ, ಅದೇ ಚಾಪೆಯ ಮೇಲೆ ಕೂತಿದ್ದೇನೆ. ವೈನಿಯ ಕಿವಿಯ ಜೊತೆ ನೆನಪೂ ಹೊರಟಿತೇ? ಅಥವಾ ಹೊರಟಿರುವುದು ನನ್ನದೇ? ಹೆಂಗಿತ್ತು ಎಂದು ಕೇಳಿದೆ.

‘ಹೆಂಗಂತ ಹೇಳಲೋ? ನಾ ಒಳಗ ರೊಟ್ಟಿ ಬಡಿತಿದ್ದೆ. ಹೊರಗ ಶುರು ಆಗ್ತಿತ್ತು.’ ಅವರು ತುಟಿ ಮುಚ್ಚಿಕೊಂಡು, ಗಂಟಲಿನಿಂದ ಸಣ್ಣಗೆ ಒಂದು ದನಿ ತೆಗೆದರು. ಏರದೆ, ಇಳಿಯದೆ, ಒಂದೇ ಸಮನೆ.

ನಾನು ಫೋನಿನಲ್ಲಿ ಹಾಳಾದ ರೆಕಾರ್ಡಿಂಗ್ ಹುಡುಕಿ ಹಚ್ಚಿದೆ.

ಹೆಡ್‌ಫೋನಿನಲ್ಲಿ ಗುಂಯ್ ಶುರುವಾಗಿರಬೇಕು. ವೈನಿಯ ಬೆನ್ನು ನೆಟ್ಟಗಾಯಿತು. ಒಂದು ಕೈ ಎತ್ತಿ, ತಡಿ, ಎಂದು ನನಗೆ ಸನ್ನೆ ಮಾಡಿದರು. ನಾನು ಮಾತಾಡುತ್ತಿರಲೇ ಇಲ್ಲ. ಗುಂಯ್ ನಿಂತಿರಬೇಕು, ತೀರ ಮೆಲ್ಲಗೆ ಅಂದರು:

‘ಕೈ ಇಟ್ರು ನೋಡು.’

ಅಲ್ಲಿಂದ ಮುಂದೆ ಧಾಟಿ. ಅವರು ಅದನ್ನೂ ಕೇಳಿದರು, ಕಣ್ಣು ಮುಚ್ಚಿಕೊಂಡು. ಮುಗಿದ ಮೇಲೆ ಮತ್ತೆ ಹಚ್ಚಲು ಹೇಳಿದರು. ಆ ಜಾಗ ಬಂದಾಗ ತಲೆಯಾಡಿಸಿದರು. ನಾನು ಹಿತ್ತಲ ಕಡೆ ಮುಖ ತಿರುಗಿಸಿದೆ.

ಆಗ ಅಣ್ಣನಿಗಿದ್ದ ರೈಲ್ವೆ ಕ್ವಾರ್ಟರ್ಸಿನಲ್ಲೂ ಅರ್ಥಿಂಗ್ ಇರಲಿಲ್ಲವೆಂದು ಕಾಣುತ್ತದೆ. ಅವನು ಆಂಪ್ಲಿಫೈಯರ್ ಹಚ್ಚಿ, ಕೈಕಾಲು ತೊಳೆಯಲು ಹೋಗುತ್ತಿದ್ದ. ಇದು ನನಗೆ ಈಗ ನೆನಪಾಗುತ್ತಿದೆಯೋ, ಈಗ ಕಟ್ಟಿಕೊಳ್ಳುತ್ತಿದ್ದೇನೋ, ಆಣೆ ಮಾಡಿ ಹೇಳಲಾರೆ. ಒಳಗೆ ರೊಟ್ಟಿ ಬಡಿಯುವವರಿಗೆ ಮಾತ್ರ ಲೆಕ್ಕ ಸ್ಪಷ್ಟವಾಗಿತ್ತು. ಗುಂಯ್ ಅಂದರೆ ಡ್ಯೂಟಿಯಿಂದ ಬಂದ. ಅದು ನಿಂತಿತೆಂದರೆ ಕೂತ, ತಂತಿಯ ಮೇಲೆ ಕೈ ಇಟ್ಟ. ಹಾಡು ಆಮೇಲಿನ ಮಾತು.

‘ಧಾಟಿದು ಎರಡನೇ ಅರ್ಧ ಬರೋಬರಿ ಅದನ ವೈನಿ?’ ನನ್ನ ಚಟ ಬಿಡಲಿಲ್ಲ. ‘ಕೆಳಗ ಇಳೀತಿತ್ತೋ, ಮ್ಯಾಲ ಹೋಗ್ತಿತ್ತೋ?’

‘ನಿಂದೊಂದು ಚಲೋ ಆತು! ಅವರೇನು ದಿನಾ ಒಂದೇ ನಮೂನಿ ಬಾರಸ್ತಿದ್ರೇನು? ಮುಂದಿಂದು ಹೆಂಗರ ಇರಲಿ ಬಿಡು.’

ನಾನೊಬ್ಬನೇ ಹೀಗೆಯೇ? ನೀವು ನಿಮ್ಮ ಫೋನ್ ತೆಗೆದು ನೋಡಿ. ಫೋಟೋದ ಅಂಚಿನಲ್ಲಿ ಬಂದ ಯಾರದೋ ಅರ್ಧ ಭುಜ ಕತ್ತರಿಸಿದ್ದೀರಿ. ಅಪ್ಪ ಕೆಮ್ಮಿದ್ದಷ್ಟೇ ಇರುವ ವಾಯ್ಸ್ ಮೆಸೇಜ್ ಅಳಿಸಿದ್ದೀರಿ, ಅದರಲ್ಲಿ ಮಾತೇ ಇಲ್ಲವಲ್ಲ ಎಂದು. ಅದರಲ್ಲಿ ಏನಿತ್ತು ಎಂದು ಕೇಳುವವರು ಯಾವ ಅಡುಗೆಮನೆಯಲ್ಲಿದ್ದಾರೋ ಯಾರಿಗೆ ಗೊತ್ತು?

ಖಾಜಾ ಹೇಳಿದ ಗುಂಡಿಗೆ ದಿನಾ ನೀರು ಹಾಕುತ್ತಿದ್ದೇನೆ. ನಮ್ಮ ಮನೆಯಲ್ಲಿ ಈಗ ಗುಂಯ್ ಇಲ್ಲ. ಬೇಕೆಂದರೂ ಬರುವುದಿಲ್ಲ, ಬರಲೂಬಾರದು. ಇರುವುದು ಆ ಹಾಳಾದ ರೆಕಾರ್ಡಿಂಗ್ ಒಂದೇ. ವೈನಿಯ ಫೋನಿನಲ್ಲೂ ಹಾಕಿ ಕೊಟ್ಟು ಬಂದೆ. ಕುಕ್ಕರಿನ ಸೀಟಿ ಕೇಳದ ಆ ಕಿವಿಗೆ ಆ ದಪ್ಪ ದನಿ ಇನ್ನೂ ಕೆಲವು ದಿನ ಕೇಳೀತು.

ಆದರೆ ಅದೇ ಚಾಪೆಯ ಮೇಲೆ ಕೂತಿದ್ದ ನನ್ನ ತಲೆಯೊಳಗಿಂದ ಆ ಗುಂಯ್ ಅನ್ನು ಕಸವೆಂದು ಒರೆಸಿದ್ದು ಯಾವ ಸಾಫ್ಟ್‌ವೇರೂ ಅಲ್ಲ. ಹಾಗಾದರೆ ಅಣ್ಣನನ್ನು ಇನ್ನೆಷ್ಟು ಶುಚಿ ಮಾಡಿ ಇಟ್ಟುಕೊಂಡಿದ್ದೇನೆ?