ಗೊಂಬೆ ಮೆಟ್ಟಿಲ ಮೇಲೆ ಇಟಲಿಯ ಗಾಜು

ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮೈಸೂರಲ್ಲಿ ಗಾಜು ಕತ್ತರಿಸೋದು ಕಲಿತವನು ನಾನು. ಡಲ್ಲಾಸಿಗೆ ಬಂದ ಮೇಲೂ ಅದೇ ಕೆಲಸ. ಪಕ್ಕದ ಸಾಹುಕಾರರ ಊರು ಸೌತ್‌ಲೇಕಿನ ಎಷ್ಟೋ ದೊಡ್ಡ ಮನೆಗಳ ಬಾತ್‌ರೂಮ್ ಕನ್ನಡಿ ನನ್ನ ಕೈಯಿಂದ ಕೂತದ್ದು.

ಎರಡು ಸಾವಿರದ ಇಸವಿಯ ಆಸುಪಾಸು. ಆಸ್ಟಿನ್‌ನಲ್ಲಿ ಒಂದು ಮನೆಗೆ ಕಿಟಕಿ ಗಾಜು ಹಾಕಲು ಹೋಗಿದ್ದೆ. ಪಕ್ಕದವರು ಹಳೇ ಸಾಮಾನೆಲ್ಲ ಅಂಗಳದಲ್ಲಿಟ್ಟು ಮಾರುತ್ತಿದ್ದರು. ಅದರಲ್ಲೊಂದು ಹೂದಾನಿ. ಇಟಲಿಯದು, ಅಜ್ಜಿ ಕಾಲದ್ದು ಅಂದರು. ಎತ್ತಿದರೆ ಗುಂಡುಕಲ್ಲಿನ ಭಾರ. ಒಳಗೆ ಕಡುನೇರಳೆ, ಅದರ ಸುತ್ತ ಹಸಿರು, ಹೊರಗೆ ನೀರಿನಂಥ ತಿಳಿಗಾಜು. ಕೊಳವೆಯ ತುದಿಯ ಬಿಸಿ ಗಾಜನ್ನು ಇನ್ನೊಂದು ಬಣ್ಣದ ಕರಗಿದ ಗಾಜಿನಲ್ಲಿ ಅದ್ದಿ, ಊದಿ, ಮತ್ತೆ ಅದ್ದಿ ಮಾಡಿದ್ದು. ಪದರಗಳ ನಡುವೆ ಒಂದು ಗುಳ್ಳೆಯಿಲ್ಲ. ಬಿಟ್ಟು ಬರೋಕೆ ಮನಸ್ಸಾಗಲಿಲ್ಲ.

ಕೊಂಡು ತಂದಾಗ, ಡಲ್ಲಾಸ್ ಪಕ್ಕದ ಮರ್ಫಿ ಊರಿನ ನಮ್ಮ ಮನೆಯಲ್ಲಿ ಹೆಂಡತಿ ದಸರಾ ಗೊಂಬೆ ಕೂರಿಸುತ್ತಿದ್ದಳು. ಗೊಂಬೆ ಒರೆಸುತ್ತಿದ್ದವಳಿಗೆ ಇದನ್ನೆಲ್ಲ ವಿವರಿಸಿದೆ. ತಲೆಯೆತ್ತದೆ ಇನ್ನೊಂದು ಗೊಂಬೆ ಕೈಗೆತ್ತಿಕೊಂಡಳು.

"ದಿನವಿಡೀ ಗಾಜು ಹೊತ್ತಿದ್ದು ಸಾಲದೂಂತ ಮನೆಗೂ ತಂದ್ರಾ? ಗ್ಯಾರೇಜಲ್ಲಿಡಿ."

"ಗೊಂಬೆ ಜೊತೆ ಇಡು. ನೋಡಿದವರು ಹೇಳಲಿ."

"ಯಾರಾದ್ರೂ ನಕ್ಕರೆ ಸೀದಾ ಹೊರಗೆ. ಆಮೇಲೆ ಮಾತಾಡಬಾರದು."

"ಆಗಲಿ" ಅಂದೆ. ನಗುವವರು ಯಾರು ಅನ್ನೋ ಧೈರ್ಯ ನನಗೆ.

ಕೆಳಗಿನ ಮೆಟ್ಟಿಲಲ್ಲಿ, ಅಂಗಡಿ ಹರಡಿಕೊಂಡು ಕೂತ ಶೆಟ್ಟಿ-ಶೆಟ್ಟಮ್ಮ ಗೊಂಬೆಗಳ ಪಕ್ಕ, ಅದಕ್ಕೆ ಜಾಗ ಸಿಕ್ಕಿತು.

ಸಂಜೆ ಕುಂಕುಮಕ್ಕೆ ಹೆಂಗಸರು ಬಂದರು. ಅವರಲ್ಲಿ ಹ್ಯೂಸ್ಟನ್ನಿಂದ ಮಗಳ ಮನೆಗೆ ಬಂದಿದ್ದ ಡಾಕ್ಟರ್ ಆಂಟಿಯೊಬ್ಬರು.

"ಏನಮ್ಮಾ, ಶೆಟ್ಟರ ಅಂಗಡಿಗೆ ಉಪ್ಪಿನಕಾಯಿ ಜಾಡಿ ಇಟ್ಟಿದ್ದೀಯಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಗೊಂಬೆ ನೋಡಲು ಬಂದ ಮಕ್ಕಳಿಗೆ ಹಂಚೋ ತಿಂಡಿ, ಚರ್ಪಿನ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಮುಗೀತು, ಗ್ಯಾರೇಜೇ ಗತಿ ಅಂದುಕೊಂಡೆ.

ನನ್ನವಳ ಮುಖ ಕೆಂಪಾಯಿತು.

"ಜಾಡಿ ಅಲ್ಲ ಆಂಟಿ. ಇಟಲಿಯಲ್ಲಿ ಬಾಯಲ್ಲಿ ಊದಿ ಮಾಡಿದ್ದು, ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ. ಒಂದೇ ಒಂದು ಗುಳ್ಳೆ ತೋರಿಸಿ ನೋಡೋಣ. ನಮ್ಮನೆಯವರು ಸುಮ್ಮಸುಮ್ಮನೆ ಗಾಜು ತರೋರಲ್ಲ."

"ಅಯ್ಯೋ, ತಮಾಷೆಗಂದೆ ಕಣಮ್ಮಾ" ಅಂತ ಆಂಟಿ ಕುಂಕುಮಕ್ಕೆ ಹಣೆ ಒಡ್ಡಿದರು.

ಎಲ್ಲ ಹೋದ ಮೇಲೆ ಕೆಣಕಿದೆ. "ನಕ್ಕರಲ್ಲ, ಹೊರಗಿಡಲಾ?"

"ನಿಮ್ಮನ್ನ ನೋಡಿ ನಗೋಕೆ ನಾನಿದ್ದೀನಿ, ಊರವರು ಬೇಕಾಗಿಲ್ಲ. ಹಾಲ್‌ನಲ್ಲಿ ಒಂದು ಶೆಲ್ಫ್ ಹೊಡೀರಿ, ಬಾಗಿಲು ತೆಗೆದ ಕೂಡಲೇ ಕಾಣಬೇಕು."

ಡ್ರಿಲ್ ತರಲು ಎದ್ದೆ.

"ಈಗಲ್ಲಾರೀ! ಗೊಂಬೆ ಇಳಿಸಿದ ಮೇಲೆ!"