ಫೈಲಿನೊಳಗಿನ ಎಪ್ಪತ್ತಮೂರು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಕಂಪ್ಯೂಟರ್ ನೆಟ್‌ವರ್ಕ್ ಜೋಡಿಸಿ ಹೊಟ್ಟೆ ಹೊರೆಯುವವನು ನಾನು. ನನ್ನ ಕೆಲಸದಲ್ಲಿ ಕಾರಣವಿಲ್ಲದೆ ಒಂದು ದೀಪವೂ ಮಿನುಗುವುದಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಮುಂಬಯಿಯ ದಾದರಿನಲ್ಲಿ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಬೆಳಗಾವಿ ಕಡೆಯ ಸುಶೀಲಕ್ಕ ಅಲ್ಲೊಂದು ಟೈಪಿಂಗ್ ಕ್ಲಾಸ್ ನಡೆಸುತ್ತಾರೆ. ಅಂದು ಹತ್ತು ಗಂಟೆಗೆ ಮೂವತ್ತು ಜನರಿಗೆ ಆನ್‌ಲೈನ್ ಪರೀಕ್ಷೆ. ತಪ್ಪಿದರೆ ಅವರೆಲ್ಲರ ಒಂದು ವರ್ಷ ಹೋದಂತೆಯೇ. ಒಂಬತ್ತೂವರೆಗೆ ನಾನು ಮೊದಲ ಸಲ ಅಲ್ಲಿಗೆ ಕಾಲಿಟ್ಟಾಗ ಇಂಟರ್ನೆಟ್ ಇರಲಿಲ್ಲ.

"ಸ್ಕ್ರೀನ್‌ದಾಗ ಕನೆಕ್ಟೆಡ್ ಅಂತನ ಬರಾಕತ್ತೈತ್ರಿ ಭಾವೂ. ಖಾಲಿಪೀಲಿ ಸುಳ್ಳ ಹೇಳತೈತಿ!" ಎಂದರು ಅಕ್ಕ.

ಹಿಂದಿನ ದಿನ ಯಾರೋ ಸೆಟ್ಟಿಂಗ್ಸ್ ಟೂಲ್ ತೆರೆದು ಏನನ್ನೋ ಒತ್ತಿದ್ದರು. ನೆಟ್‌ವರ್ಕಿನ ವಿವರಗಳನ್ನು ಕೈಯಾರೆ ಟೈಪ್ ಮಾಡಿಟ್ಟಿದ್ದ ಹಳೆಯ ಫೈಲನ್ನು ಅಳಿಸಿ ಆ ಟೂಲ್ ತನ್ನದನ್ನು ಬರೆದುಕೊಂಡಿತ್ತು. ಹಳೆಯದನ್ನು ಬರೆದವರು ನನ್ನ ಗುರು ಭೀಮಣ್ಣ ಕಾಕಾ. "ಬರೇ ಗುಂಡಿ ಒತ್ತಾವ ಲಿಫ್ಟ್‌ಮ್ಯಾನ್ ಆಗಲಿ, ನನ್ನ ಹತ್ರ ಬ್ಯಾಡ" ಎಂದು ಗದರಿಸಿಯೇ ಅವರು ನನಗೆ ಕೆಲಸ ಕಲಿಸಿದ್ದು.

ಟೂಲ್ ಮುಚ್ಚಿ ಫೈಲನ್ನು ಸಾಲು ಸಾಲಾಗಿ ಬರೆಯತೊಡಗಿದೆ. ಗೇಟ್‌ವೇ, ಅಂದರೆ ಇಂಟರ್ನೆಟ್ಟಿಗೆ ಹೊರಹೋಗುವ ಬಾಗಿಲು. ನಾಲ್ಕು ಸಂಖ್ಯೆಗಳ ಅದರ ವಿಳಾಸದಲ್ಲಿ ಕೊನೆಯ ಸಂಖ್ಯೆಯೊಂದೇ ಗೊತ್ತಿರಲಿಲ್ಲ. ಇಂಟರ್ನೆಟ್ ಕಂಪನಿಯವರು ಫೋನ್ ಎತ್ತಲಿಲ್ಲ. ನಿವೃತ್ತರಾಗಿ ವಿಜಯಪುರ ಸೇರಿದ್ದ ಕಾಕಾ ಕೂಡ ಎತ್ತಲಿಲ್ಲ. ಸಾಮಾನ್ಯವಾಗಿ ಬಳಸುವ ಸಂಖ್ಯೆಗಳನ್ನು ಹಾಕಿ ನೋಡಿದೆ, ಆಗಲಿಲ್ಲ. ಹತ್ತಕ್ಕೆ ಐದೇ ನಿಮಿಷ. ಬಾಗಿಲಲ್ಲಿ ಹಾಲ್‌ಟಿಕೆಟ್ ಹಿಡಿದ ಹುಡುಗಿಯರು.

ಆಗ ನನ್ನ ಬೆರಳುಗಳು ಎಪ್ಪತ್ತಮೂರು ಎಂದು ಬರೆದವು. ನಾನು ಯೋಚಿಸಿರಲಿಲ್ಲ, ಎಣಿಸಿರಲಿಲ್ಲ. ಫೈಲನ್ನು ಸೇವ್ ಮಾಡಿ, ನೆಟ್‌ವರ್ಕನ್ನು ಮತ್ತೆ ಚಾಲೂ ಮಾಡಿದೆ. ಇಂಟರ್ನೆಟ್ ಬಂತು! ಹತ್ತಕ್ಕೆ ಸರಿಯಾಗಿ ಮೂವತ್ತೂ ಜನ ಕುಳಿತರು. ನನ್ನ ಎದೆ ಉಬ್ಬಿದ್ದು ಸುಳ್ಳಲ್ಲ.

ಸ್ವಲ್ಪ ಹೊತ್ತಿಗೆ ಕಾಕಾ ಫೋನ್ ಬಂತು. ನಾನು ಬಾಯಿ ತೆರೆಯುವ ಮೊದಲೇ, "ತಮ್ಮಾ, ಬೆಳಿಗ್ಗಿಂದ ಎಪ್ಪತ್ಮೂರು, ಎಪ್ಪತ್ಮೂರು ಅಂತ ನಾಲಿಗಿ ಮ್ಯಾಗ ಕುಂತೈತಿ. ಏನಂತ ನೆನಪಾಗವಲ್ದು. ನಿನಗೇನರ ಗೊತ್ತೇನೋ?" ಎಂದರು.

ನಡೆದದ್ದನ್ನು ಹೇಳಿ, ಫೋನನ್ನು ಬಾಗಿಲ ಸಂದಿಗೆ ಹಿಡಿದೆ. ಒಳಗೆ ಮೂವತ್ತು ಕೀಬೋರ್ಡುಗಳ ಪಟಪಟ. ಅದನ್ನು ಕೇಳಿ ಕಾಕಾ, "ಫೈಲ್ ಬರದೀ? ಶಾಬಾಶ್ ಮಗನ" ಎಂದರು.

ಹೌದು, ಆ ಫೈಲನ್ನು ನಾನೇ ಬರೆದೆ ಎಂದು ಎಲ್ಲಿ ಬೇಕಾದರೂ ಹೆಮ್ಮೆಯಿಂದ ಹೇಳುತ್ತೇನೆ. ಅದರೊಳಗಿನ ಆ ಒಂದು ಸಂಖ್ಯೆಯನ್ನು ಬರೆದವರು ಯಾರೆಂದು ಮಾತ್ರ ಇವತ್ತಿಗೂ ಹೇಳಲಾರೆ.